ಗಡ್ಡೆ ಕರಗಿದ ಮೇಲೆ

ಹುಲಿಗೆಮ್ಮ ಸತ್ತದ್ದು ಗಡ್ಡೆ ಬೆಳೆದು ಅಲ್ಲ, ಗಡ್ಡೆ ಕರಗಿ. ಹಣೆಬರಹ ಎಂದು ಅವಳ ಗಂಡ ಹೇಳುತ್ತಾನೆ. ಇಂಜೆಕ್ಷನ್ನಿನ ಕಾವು ಎಂದು ಊರವರು ಹೇಳುತ್ತಾರೆ. ಎರಡೂ ಸುಳ್ಳು. ಕರಗಿತಲ್ಲ ಎಂಬ ಸಂತೋಷ ಅವಳನ್ನು ಕೊಂದಿತು.

ಕರೋನಾ ಮುಗಿದ ಮರುವರ್ಷದ ಮಾತು. ಆಗ ನಾನು ಬಳ್ಳಾರಿಯ ಒಂದು ಆಸ್ಪತ್ರೆಯಲ್ಲಿ ಕೀಮೋ ವಾರ್ಡಿನ ಆಯಾ. ಈಗ ಕೆಲಸ ಬಿಟ್ಟು ಕೊಳಗಲ್ಲಿನಲ್ಲಿ ಮಗನ ಮನೆಯಲ್ಲಿ ಮೊಮ್ಮಕ್ಕಳ ಜುಟ್ಟು ಕಟ್ಟಿಕೊಂಡು ಇದ್ದೇನೆ. ನಾನು ಓದಿದ್ದು ಮೂರನೇ ತರಗತಿ. ವಾಂತಿಯ ಬೇಸಿನ್ ಹಿಡಿಯುವುದು, ಉಚ್ಚೆಯ ಪಾತ್ರೆ ತೊಳೆಯುವುದು, ಬಾಟಲಿ ಖಾಲಿಯಾಗುವ ಹೊತ್ತಿಗೆ ಸಿಸ್ಟರನ್ನು ಕೂಗುವುದು ನನ್ನ ಕೆಲಸ. ಕೀಮೋ ಅಂದರೆ ನರದೊಳಗೆ ಬಿಡುವ ಔಷಧಿ. ಅದು ಮೈಯೆಲ್ಲ ಸುತ್ತಿ, ಬೇಗ ಬೇಗ ಬೆಳೆಯುವುದನ್ನೆಲ್ಲ ಹೊಡೆಯುತ್ತದೆ. ಗಡ್ಡೆಯನ್ನೂ ಹೊಡೆಯುತ್ತದೆ, ಕೂದಲನ್ನೂ ಹೊಡೆಯುತ್ತದೆ, ಬಾಯಿಯ ಒಳಚರ್ಮವನ್ನೂ ಬಿಡುವುದಿಲ್ಲ.

ಹುಲಿಗೆಮ್ಮನ ತವರು ಕುರುಗೋಡು. ಕೊಟ್ಟಿದ್ದು ಸಿರುಗುಪ್ಪ ತಾಲ್ಲೂಕಿನ ಹಚ್ಚೊಳ್ಳಿಗೆ. ವಯಸ್ಸು ನಲವತ್ತು ದಾಟಿರಲಿಲ್ಲ. ಎಡ ಮೊಲೆಯಲ್ಲಿ ದೊಡ್ಡ ನಿಂಬೆಹಣ್ಣಿನಷ್ಟು ಗಡ್ಡೆ, ಅದರ ಮೇಲಿನ ಚರ್ಮ ಕುಳಿಬಿದ್ದು ಒಳಗೆಳೆದುಕೊಂಡಿತ್ತು.

“ವರ್ಷದಿಂದ ಐತಂತಲ್ಲ, ಯಾಕ ತೋರಿಸ್ಲಿಲ್ಲ?” ಎಂದೆ.

“ನೋವಿದ್ರ ತೋರಸ್ತಾರ ಆಯಮ್ಮ. ಇದು ಪಾಪ, ತನ್ನ ಪಾಡಿಗೆ ತಾನಿತ್ತು” ಎಂದಳು.

ಮ್ಯಾಮೊಗ್ರಾಮ್ ಅಂದರೆ ಮೊಲೆಯನ್ನು ಒತ್ತಿ ಹಿಡಿದು ತೆಗೆಯುವ ಎಕ್ಸ್-ರೇ. ಬಯಾಪ್ಸಿ ಅಂದರೆ ದಪ್ಪ ಸೂಜಿಯಿಂದ ಗಡ್ಡೆಯ ಚೂರು ತೆಗೆದು ಪರೀಕ್ಷೆಗೆ ಕಳಿಸುವುದು. ಎರಡೂ ಆದವು. ಕ್ಯಾನ್ಸರ್ ಎಂದು ಬಂತು. ಕಂಕುಳಿನ ಗಂಟಿಗೂ ಹೋಗಿತ್ತು, ಅಲ್ಲಿಂದಾಚೆ ಹೋಗಿರಲಿಲ್ಲ. ಡಾಕ್ಟ್ರಮ್ಮ ಹುಲಿಗೆಮ್ಮನನ್ನೂ ಅವಳ ಗಂಡ ಗಾದಿಲಿಂಗಪ್ಪನನ್ನೂ ಕುರುಗೋಡಿನ ಅಣ್ಣ ಈರಪ್ಪನನ್ನೂ ಎದುರಿಗೆ ಕೂರಿಸಿಕೊಂಡರು.

“ಇದು ವಾಸಿಯಾಗೋ ಹಂತದಲ್ಲಿದೆ” ಎಂದರು. “ಮೊದಲು ಕೀಮೋ ಕೊಟ್ಟು ಗಡ್ಡೆ ಸಣ್ಣದು ಮಾಡ್ತೀವಿ. ಆಮೇಲೆ ಆಪರೇಷನ್. ಚೆನ್ನಾಗಿ ಸಣ್ಣದಾದರೆ ಗಡ್ಡೆ ಇದ್ದ ಭಾಗ ಮಾತ್ರ ತೆಗೆದರೆ ಸಾಕಾಗಬಹುದು, ಇಲ್ಲಾಂದ್ರೆ ಪೂರಾ ತೆಗೀಬೇಕು. ಎರಡರಲ್ಲಿ ಯಾವುದಾದರೂ ಕಂಕುಳಿನ ಗಂಟುಗಳನ್ನ ತೆಗೀಬೇಕಾಗುತ್ತೆ. ಅದಾದ ಮೇಲೆ ರೇಡಿಯೇಷನ್.”

ರೇಡಿಯೇಷನ್ನಿಗೆ ನಮ್ಮ ಜನ ಕರೆಂಟ್ ಕೊಡೋದು ಎನ್ನುತ್ತಾರೆ. ಶಾಕ್ ಅಲ್ಲ ಅದು, ಕಣ್ಣಿಗೆ ಕಾಣದ ಕಿರಣ. ಇನ್ನು ಕೆಲವರ ಗಡ್ಡೆ ಹೆಣ್ಣಿನ ಮೈಯಲ್ಲಿರುವ ಹಾರ್ಮೋನನ್ನು ತಿಂದೇ ಬೆಳೆಯುತ್ತದೆ. ಹುಲಿಗೆಮ್ಮನದು ಅಂಥದ್ದು. ಅದಕ್ಕೆ ಕೊನೆಯಲ್ಲಿ ವರ್ಷಗಟ್ಟಲೆ ಮಾತ್ರೆ ನುಂಗಬೇಕಿತ್ತು.

ಕೀಮೋ ಶುರುಮಾಡುವ ಮುಂಚೆ ಗಡ್ಡೆಯೊಳಗೆ ಎಳ್ಳಿನಷ್ಟು ಲೋಹದ ಕ್ಲಿಪ್ ಒಂದನ್ನು ಇಟ್ಟರು. ಅದು ಯಾಕೆ ಎಂದು ಈರಪ್ಪ ಕೇಳಿದ.

“ಗಡ್ಡೆ ಪೂರ್ತಿ ಕರಗಿದರೂ ಅದು ಇದ್ದ ಜಾಗ ನಮಗೆ ಗೊತ್ತಾಗಬೇಕಲ್ಲ. ಅಲ್ಲೇ ತೆಗೀಬೇಕು” ಎಂದರು ಡಾಕ್ಟ್ರಮ್ಮ.

ಈರಪ್ಪ ತಲೆ ಆಡಿಸಿದ. ಆಸ್ಪತ್ರೆಯಲ್ಲಿ ಜನ ತಲೆ ಆಡಿಸಿದರೆ ಕೇಳಿಸಿತು ಎಂದಷ್ಟೇ ಅರ್ಥ, ತಿಳಿಯಿತು ಎಂದಲ್ಲ.

ಪ್ರತಿ ಸಲ ಅವಳ ಜೊತೆಗಿರಲು ತಂಗಿ ಗಂಗಮ್ಮ ಬರುತ್ತಿದ್ದಳು. ಎರಡನೇ ಸಲ ಬಂದಾಗ ಹುಲಿಗೆಮ್ಮನ ತಲೆ ಬೋಳು. ಗಂಗಮ್ಮ ಅಕ್ಕನ ತಲೆ ಸವರಿ ಅಳುತ್ತಿದ್ದಳು.

“ಸುಮ್ನಿರ ಲೇ. ತಿರುಪತಿಗೆ ಹೋಗೋ ಬಸ್ ಚಾರ್ಜು ಉಳೀತು” ಎಂದು ಹುಲಿಗೆಮ್ಮ ಬೇಸಿನ್ನಿಗೆ ಬಗ್ಗಿದಳು. ವಾಂತಿ ಮುಗಿಸಿ ಬಾಯಿ ಒರೆಸಿಕೊಂಡು, “ಆಯಮ್ಮ, ನಿನ್ ಸೀರಿಗೆ ಸಿಡೀತೇನು?” ಎಂದು ಕೇಳಿದಳು. ಅಂಥ ಹೆಂಗಸು.

ಗಡ್ಡೆ ಪ್ರತಿ ಸಲವೂ ಇಳಿಯುತ್ತಾ ಬಂತು. ಕೊನೆಯ ಕೀಮೋ ಆದ ಮೇಲೆ ಡಾಕ್ಟ್ರಮ್ಮ ಒತ್ತಿ ಒತ್ತಿ ನೋಡಿದರು.

“ಕೈಗೆ ಸಿಗ್ತಾನೇ ಇಲ್ಲ. ತುಂಬಾ ಒಳ್ಳೇದಾಯ್ತು. ಆಪರೇಷನ್ನಿಗೆ ದಿನ ಕೊಡ್ತೀನಿ, ತಪ್ಪಿಸಬೇಡಿ. ಮೊಲೆ ಪೂರಾ ತೆಗೆಯೋದೂ ಬೇಕಾಗಲ್ಲ” ಎಂದರು.

ಅವರು ಆಡಿದ ಮಾತಿನಲ್ಲಿ ಆ ಮನೆಯವರು ಕೇಳಿಸಿಕೊಂಡದ್ದು ಮೊದಲಿನದನ್ನು ಮಾತ್ರ. ಗಾದಿಲಿಂಗಪ್ಪ ಹೊರಗೆ ಓಡಿ ಇಡೀ ವಾರ್ಡಿಗೆ ಮಂಡಕ್ಕಿ ಒಗ್ಗರಣೆ, ಮಿರ್ಚಿ ತಂದ. ಬಾಯಿ ಹುಣ್ಣಾದ ಹೆಂಗಸರಿಗೆ ಮಿರ್ಚಿ. ನಾನೇ ತಿಂದೆ.

ಈರಪ್ಪನ ಸಂಗತಿ ಇಲ್ಲಿ ಹೇಳಬೇಕು. ತಂಗಿಗೆ ಕೀಮೋ ನಡೆದಷ್ಟು ತಿಂಗಳೂ ಅವನು ಸೋಮವಾರ ಸೋಮವಾರ ಬರಿಗಾಲಿನಲ್ಲಿ ಬಸವಣ್ಣನ ಗುಡಿಗೆ ನಡೆದಿದ್ದ. ಚಿಕ್ಕಂದಿನಿಂದ ತಿನ್ನುತ್ತಿದ್ದ ತಂಬಾಕು ಬಿಟ್ಟಿದ್ದ. ಗಡ್ಡೆ ಕರಗಿದರೆ ದಾಸೋಹ ಮಾಡಿಸುತ್ತೇನೆ ಎಂದು ಹರಕೆ ಹೊತ್ತಿದ್ದ. ಕೆಟ್ಟವನಾಗಿದ್ದರೆ ನಾಲ್ಕು ಬೈದು ದಾರಿಗೆ ತರಬಹುದಿತ್ತು.

ಆಪರೇಷನ್ನಿಗೆ ಬಂದು ಸೇರಬೇಕಾದ ದಿನ ಅವಳ ಮಂಚ ಖಾಲಿ ಇತ್ತು. ಸಿಸ್ಟರ್ ಫೋನ್ ಮಾಡಿದರು. “ಕುರುಗೋಡಿನಾಗ ಅದೀವ್ರಿ. ಇವತ್ತ ದಾಸೋಹ. ಆಯಮ್ಮನ್ನ ಊಟಕ್ಕ ಕಳಸ್ರಿ” ಎಂದ ಗಾದಿಲಿಂಗಪ್ಪ. ಹೋಗಿ ಕರೆದುಕೊಂಡು ಬಾ ಎಂದು ಡಾಕ್ಟ್ರಮ್ಮ ನನ್ನನ್ನು ಕಳಿಸಿದರು. ಹೊರಡುವಾಗ ಹೇಳಿಕೊಟ್ಟರು: ಕೈಗೆ ಸಿಗದ ಕಾಳು ಒಳಗೆ ಉಳಿದಿರಬಹುದು, ಉಳಿಯದೆಯೂ ಇರಬಹುದು. ಕ್ಲಿಪ್ ಇರುವ ಜಾಗ ತೆಗೆದು ಮೈಕ್ರೋಸ್ಕೋಪಿನಲ್ಲಿ ನೋಡುವ ತನಕ ಯಾರಿಗೂ ಗೊತ್ತಾಗುವುದಿಲ್ಲ.

ಗುಡಿಯ ಮಗ್ಗುಲಲ್ಲಿ ಪಂಕ್ತಿ ಕೂತಿತ್ತು. ಹುಲಿಗೆಮ್ಮ ತಲೆ ತುಂಬ ಸೆರಗು ಹೊದ್ದು ಗೋಧಿ ಹುಗ್ಗಿ ಬಡಿಸುತ್ತಿದ್ದಳು.

“ಈ ಹೊತ್ತಿಗೆ ನೀ ವಾರ್ಡಿನಾಗ ಮಲಗಿರಬೇಕಿತ್ತು. ಇಲ್ಲಿ ಹುಗ್ಗಿ ನೀಡಾಕ ಹತ್ತೀಯೇನು?” ಎಂದೆ, ಎಲ್ಲರಿಗೂ ಕೇಳುವ ಹಾಗೆ.

ಈರಪ್ಪ ಎದ್ದು ಬಂದ. “ಕೂಡ್ರಿ ಆಯಮ್ಮ, ಮೊದ್ಲು ಉಣ್ರಿ. ಇಲ್ಲದ್ದನ್ನ ಏನಂತ ಕೊಯ್ತೀರಿ? ಬಸವಣ್ಣ ಕರಗಿಸಿದ ಜಾಗಕ್ಕ ಕತ್ತಿ ಹಾಕ್ಸಿದ್ರ ನಾ ಅವಂಗ ಹೆಂಗ ಮುಖ ತೋರಿಸ್ಲಿ?”

“ಕರಗಿಸಿದ್ದು ಔಷಧಿ. ಬಸವಣ್ಣ ಕರಗಿಸಿದ ಅಂತನ ಇಟ್ಕೋ. ಬೂದಿಯಾಗ ಕೆಂಡ ಐತೋ ಇಲ್ಲೋ ಕೆದರಿ ನೋಡಬ್ಯಾಡೇನು?”

“ಅವನು ಅರ್ಧಾ ಕೆಲಸ ಮಾಡಾಂವ ಅಲ್ರಿ” ಎಂದ. ಸಿಟ್ಟಿಲ್ಲದೆ ಅಂದ. ನನ್ನ ಎಲೆಗೆ ತಾನೇ ತುಪ್ಪ ಹಾಕಿದ.

ಕೈತೊಳೆಯುವ ನಳದ ಹತ್ತಿರ ಹುಲಿಗೆಮ್ಮ ಒಬ್ಬಳೇ ಸಿಕ್ಕಳು. ಡಾಕ್ಟ್ರಮ್ಮ ಹೇಳಿಕೊಟ್ಟದ್ದನ್ನೆಲ್ಲ ಹೇಳಿದೆ.

“ಅಲ್ಲಿ ಏನರ ಉಳಿದೈತೋ ಅಂತ ನನಗೂ ಅನಸ್ತೈತಿ ಆಯಮ್ಮ” ಎಂದಳು. “ಆದ್ರ ನಮ್ಮಣ್ಣನ ಮುಖ ನೋಡಿದೀಯೇನು? ಅಪ್ಪ ಸತ್ತಾಗಿಂದ ಅಂವ ಹಿಂಗ ನಕ್ಕಿದ್ದಿಲ್ಲ. ಅದರ ಮ್ಯಾಲ ಹೆಂಗ ಮಣ್ಣು ಹಾಕ್ಲಿ?”

“ಹಂಗಾದ್ರ ನಿನ್ನ ಮ್ಯಾಲ ಹಾಕ್ತಾರ.”

ಅವಳು ನಕ್ಕಳು. “ನಿನ್ ಬಾಯಿಗೆ ಬೆಂಕಿ ಹಾಕ. ಎರಡೂ ಮೊಲಿ ಕತ್ತಿ ತಾಗದಂಗ ಇಟ್ಕೊಂಡು ಬದುಕೋ ಆಸಿನೂ ಐತಿ ಅನ್ನು” ಎಂದು ಹುಗ್ಗಿಯ ಬಕೆಟ್ ಎತ್ತಿಕೊಂಡು ಹೋದಳು. ನಾನು ಒಬ್ಬಳೇ ಬಳ್ಳಾರಿಗೆ ಬಂದೆ. ಆಮೇಲೆ ಸಿಸ್ಟರ್ ಎಷ್ಟೋ ಸಲ ಫೋನ್ ಮಾಡಿದರು. ಪ್ರತಿ ಸಲ ಒಂದೇ ಉತ್ತರ, ನೆಟ್ಟಗದಾಳ್ರಿ ಎಂದು. ಕರೆಂಟಿಗೂ ಬರಲಿಲ್ಲ, ಮಾತ್ರೆಗೂ ಬರಲಿಲ್ಲ.

ಮರುವರ್ಷ ನಾಟಿ ಹೊತ್ತಿಗೆ ಬಂದಳು. ಕಂಕುಳಲ್ಲಿ ಗಂಟು ಎದ್ದಿತ್ತು. ಗದ್ದೆಯಲ್ಲಿ ಬಗ್ಗಲು ಆಗದಷ್ಟು ಬೆನ್ನುನೋವು. ಸ್ಕ್ಯಾನಿನಲ್ಲಿ ಬೆನ್ನೆಲುಬಿಗೂ ಲಿವರಿಗೂ ಹರಡಿದ್ದು ಕಂಡಿತು.

“ಅವತ್ತ ಕೊಯ್ತೀನಿ ಅಂದ್ರಲ್ರಿ, ಈಗ ಎರಡೂ ಕೊಯ್ರಿ” ಎಂದ ಈರಪ್ಪ.

“ಈಗ ಅದು ಅಲ್ಲಿ ಮಾತ್ರ ಇಲ್ಲ” ಎಂದರು ಡಾಕ್ಟ್ರಮ್ಮ. “ಸ್ವಲ್ಪ ಕಾಲ ತಡೆದು ಹಿಡೀಬಹುದು, ನೋವು ಕಡಿಮೆ ಮಾಡಬಹುದು. ವಾಸಿ ಮಾಡೋಕೆ ಆಗಲ್ಲ.”

ಅವನು ಗೋಡೆ ಹಿಡಿದು ಕೂತ. ಡಾಕ್ಟ್ರಮ್ಮ ಬಾಗಿಲ ಬಳಿ ನಿಂತಿದ್ದ ಗಂಗಮ್ಮನ ಕಡೆ ತಿರುಗಿ, ಅಕ್ಕನಿಗೆ ಇಷ್ಟು ಸಣ್ಣ ವಯಸ್ಸಿಗೆ ಬಂದಿದೆ, ನೀನೂ ತೋರಿಸಿಕೊಳ್ಳಬೇಕು ಎಂದರು. ಅವಳೂ ತಲೆ ಆಡಿಸಿದಳು.

ಬೆನ್ನಿಗೆ ಕರೆಂಟ್ ಕೊಟ್ಟರು. ಮಾತ್ರೆ ಕೊಟ್ಟರು, ಕೆಲವು ತಿಂಗಳು ತಡೆಯಿತು, ಆಮೇಲೆ ತಡೆಯಲಿಲ್ಲ. ಕೊನೆಗೆ ಮಾರ್ಫಿನ್, ಅಂದರೆ ನೋವನ್ನು ಮಲಗಿಸುವ ಮಾತ್ರೆ. ಕಣ್ಣು ಹಳದಿಯಾದ ಮೇಲೆ ಮನೆಗೆ ಹೋಗುತ್ತೇನೆ ಎಂದಳು. ಒಯ್ದರು. ಒಂದು ಸಂಜೆ ಗಂಗಮ್ಮ ಫೋನ್ ಮಾಡಿದಳು, ಅಕ್ಕ ಹೋದಳು ಎಂದು.

ಆ ವಾರ್ಡು ನನಗೆ ಕಲಿಸಿದ್ದು ಇಷ್ಟು. ಕೆಟ್ಟ ಸುದ್ದಿ ಕೇಳಿದವರು ಮರುದಿನ ತಾವಾಗಿ ಬಂದು ಬಾಗಿಲಲ್ಲಿ ನಿಲ್ಲುತ್ತಾರೆ. ಒಳ್ಳೆಯ ಸುದ್ದಿ ಕೇಳಿದವರನ್ನು ಹಿಡಿದು ನಿಲ್ಲಿಸಬೇಕು. ಹಿಡಿದರೂ ನಿಲ್ಲುವುದಿಲ್ಲ ಎಂಬುದನ್ನೂ ಕಲಿತೆ.

ಫೋನ್ ಬಂದ ಮರುದಿನ ಬೆಳಿಗ್ಗೆ ಮೊದಲ ಬಸ್ಸಿಗೆ ಸಿರುಗುಪ್ಪಕ್ಕೆ ಹೋಗಿ, ಅಲ್ಲಿಂದ ಹಚ್ಚೊಳ್ಳಿಗೆ ಹೋದೆ. ಹುಲಿಗೆಮ್ಮನನ್ನು ಅಂಗಳದಲ್ಲಿ ಗೋಡೆಗೆ ಒರಗಿಸಿ ಕೂರಿಸಿ ವಿಭೂತಿ ಹಚ್ಚಿದ್ದರು. ನಾನು ಗಂಗಮ್ಮನ ಪಕ್ಕ ಹೋಗಿ ಕೂತೆ. ಅವಳು ಇನ್ನೂ ತೋರಿಸಿಕೊಂಡಿರಲಿಲ್ಲ.

“ಗುರುವಾರ ಡಾಕ್ಟ್ರಮ್ಮ ಇರ್ತಾರ. ಬಂದು ನಿಂದೂ ತೋರಿಸ್ಕೋ” ಎಂದೆ.

ಭಜನೆಯ ನಡುವೆಯೂ ಈರಪ್ಪನಿಗೆ ಕೇಳಿಸಿತು. “ಹೆಣ ಇನ್ನೂ ಅಂಗಳದಾಗ ಐತಿ ಆಯಮ್ಮ. ಇದು ಮಾತಾಡೋ ಹೊತ್ತೇನ್ರಿ?”

“ಮಣ್ಣಾದ ಮ್ಯಾಲ ನಾ ಈ ಊರಿಗೆ ಬರಂಗಿಲ್ಲಪ್ಪ. ಅದಕ್ಕ ಈಗ ಹೇಳಿದ್ನಿ.”

ಗಂಗಮ್ಮ ಎದೆಯ ಮೇಲೆ ಸೆರಗು ಬಿಗಿಯಾಗಿ ಎಳೆದುಕೊಂಡು ನೆಲ ನೋಡಿದಳು. ಗುರುವಾರ ಎಂದು ಇನ್ನೊಮ್ಮೆ ಹೇಳಿ ಎದ್ದೆ. ಮಣ್ಣಿಗೆ ನಿಲ್ಲಲಿಲ್ಲ. ನನಗೆ ಮಧ್ಯಾಹ್ನದ ಪಾಳಿ ಇತ್ತು.