ಮೂಗುತಿ ಬಿಚ್ಚಿಕೊಟ್ಟವರು

ಎರಡು ವರ್ಷದ ಹಿಂದಿನ ಮಾತು. ಆಗ ನಾನು ಹೊಸೂರಿನ ಹತ್ತಿರ ಒಂದು ಸಣ್ಣ ಹಲ್ಲಿನ ಕ್ಲಿನಿಕ್ ನಡೆಸುತ್ತಿದ್ದೆ. ಬಿಡಿಎಸ್ ಮುಗಿಸಿ ಹತ್ತು ವರ್ಷ ದಾಟಿತ್ತು. ಕುರ್ಚಿ ಹತ್ತುವ ಮೊದಲೇ ಕಿರುಚುವ ಮಕ್ಕಳನ್ನೆಲ್ಲ ಬೆಂಗಳೂರಿಗೆ ಕಳಿಸಿ ಕಳಿಸಿ ಸಾಕಾಗಿ, ಮಕ್ಕಳ ಹಲ್ಲಿನ ವಿಭಾಗದಲ್ಲಿ ನಾನೇ ಎಂಡಿಎಸ್ ಮಾಡಬೇಕು ಎಂಬ ಹಟ ಹುಟ್ಟಿತ್ತು.

ಮನೆಯಲ್ಲಿ ಒಮ್ಮೆ ಮಾತೆತ್ತಿದ್ದೆ. "ಈ ವಯಸ್ಸಲ್ಲಿ ಇನ್ನೂ ಮೂರು ವರ್ಷ ಓದಾ? ಇರೋ ಕ್ಲಿನಿಕ್ ನೋಡ್ಕೊಂಡಿರು, ಸಾಕು" ಅಂದರು ನನ್ನ ಗಂಡ. ಅವರು ಕಾರ್ಖಾನೆಯಲ್ಲಿ ಸೂಪರ್‌ವೈಸರ್. ಒಂದು ಸಲ ಹೇಳಿದರೆ ಮುಗಿಯಿತು. ನಾನೂ ಬಾಯಿ ಮುಚ್ಚಿಕೊಂಡೆ, ಆದರೆ ಪ್ರವೇಶ ಪರೀಕ್ಷೆಗೆ ಅರ್ಜಿ ಹಾಕಿಯೇ ಹಾಕಿದೆ. ರೋಗಿಗಳು ಬಾರದ ಮಧ್ಯಾಹ್ನಗಳಲ್ಲಿ ಷಟರ್ ಅರ್ಧ ಎಳೆದು ಓದಿದೆ. ಓದುತ್ತಿದ್ದೇನೆ ಅಂತ ಹೇಳಿಕೊಳ್ಳಲೂ ಒಂದು ನರಪಿಳ್ಳೆ ಇರಲಿಲ್ಲ.

ಪರೀಕ್ಷೆಯ ದಿನ ದಂತ ತಪಾಸಣೆ ಕ್ಯಾಂಪ್ ಇದೆ ಎಂದು ಹೇಳಿ ಕೃಷ್ಣಗಿರಿ ಬಸ್ ಹತ್ತಿದೆ. ಪರೀಕ್ಷಾ ಕೇಂದ್ರದ ಗೇಟಿನಲ್ಲಿ ನೋಡಿದರೆ ಎಲ್ಲರ ಜೊತೆಗೂ ಅಪ್ಪನೋ ಅಮ್ಮನೋ ಬಂದಿದ್ದಾರೆ. ಜೊತೆಗೆ ಬಂದವರೆಲ್ಲ ಹೊರಗೆ ನಿಲ್ಲಿ ಎಂದು ಕಾವಲುಗಾರ ನನಗೇ ತಮಿಳಿನಲ್ಲಿ ಗದರಿದ. ಅಯ್ಯೋ, ಬರೆಯುವವಳೇ ನಾನಪ್ಪಾ ಅಂತ ಹಾಲ್ ಟಿಕೆಟ್ ತೋರಿಸಿದೆ. ಸರಿ, ಫೋನು, ಓಲೆ, ಮೂಗುತಿ ಯಾವುದೂ ಒಳಗೆ ಬಿಡಲ್ಲ, ಮನೆಯವರ ಕೈಗೆ ಕೊಟ್ಟು ಬನ್ನಿ ಎಂದ. ಮನೆಯವರೆಲ್ಲಿ? ಸಾಮಾನು ಇಡಲು ಒಳಗೆ ಜಾಗ ಇರುತ್ತದೆ ಎಂದುಕೊಂಡಿದ್ದೆ. ಗೇಟು ಮುಚ್ಚುವ ಹೊತ್ತಾಗಿತ್ತು. ಮೂಗುತಿಯ ತಿರುಪು ಬೇರೆ ಕಚ್ಚಿಕೊಂಡು ಜಪ್ಪಯ್ಯ ಅಂದರೂ ಬರುತ್ತಿಲ್ಲ.

ಪಕ್ಕದಲ್ಲಿ ನಿಂತಿದ್ದ ಹೆಂಗಸೊಬ್ಬರು ಹತ್ತಿರ ಬಂದರು. "ಯಾಕವ್ವ, ನಿನ್ ಜೊತೆ ಯಾರೂ ಬಂದಿಲ್ವಾ?"

"ಇಲ್ಲಮ್ಮ."

"ಬಾ ಇಲ್ಲಿ, ಮಕ ಎತ್ತು. ನಮ್ದು ಅಂಚೆಟ್ಟಿ ಕಡೆ. ನನ್ ಮಗ್ಳೂ ಒಳಗವ್ಳೆ, ಎದುರ್ಕಬ್ಯಾಡ."

ಒಂದು ಕೈಯಲ್ಲಿ ನನ್ನ ಗಲ್ಲ ಹಿಡಿದು ಮೆಲ್ಲಗೆ ತಿರುಪು ಬಿಚ್ಚಿದರು. ದಿನವಿಡೀ ಕಂಡವರ ಬಾಯಿಗೆ ಕೈ ಹಾಕುವವಳು ನಾನು. ನನ್ನ ಮುಖವನ್ನು ಹೀಗೆ ಒಬ್ಬರು ಹಿಡಿದು ಎಷ್ಟು ಕಾಲವಾಗಿತ್ತೋ! ಅಳು ಬಂತು. "ಅಳ್ಬಾರ್ದು, ಓಡು" ಅಂದರು. ಎಲ್ಲವನ್ನೂ ಅವರ ಕೈಗೆ ಸುರಿದು ಒಳಗೆ ಓಡಿದೆ.

ಮುಗಿಸಿ ಬಂದಾಗ ಅವರು ಮಗಳ ಜೊತೆ ಅಲ್ಲೇ ಕಾಯುತ್ತಿದ್ದರು. "ಹೆಂಗ್ ಬರ್ದವ್ವ?" ಅಂದರು. "ಚೆನ್ನಾಗೇ ಬರ್ದಿದೀನಮ್ಮ" ಅಂದೆ. ಸೆರಗಿನ ಗಂಟು ಬಿಚ್ಚಿ ಮೂಗುತಿಯನ್ನು ತಾವೇ ಹಾಕಿದರು.

"ನಿನ್ ಪೋನು ಬಡ್ಕೊತಾನೇ ಇತ್ತು ಕಣವ್ವ. ಯಾರೋ ಹಲ್ಲುನೋವು ಅಂದ್ರು. ಲವಂಗ ಕಚ್ಕೊಂಡಿರು, ಡಾಕ್ಟ್ರಮ್ಮ ಪರೀಕ್ಸೆ ಬರೀತಾವ್ಳೆ ಅಂದೆ."

ನಾನು ಜೋರಾಗಿ ನಕ್ಕೆ.

"ನಿಮ್ ಯಜಮಾನ್ರೂ ಮಾಡಿದ್ರು. ಅವ್ರ್ಗೂ ಅದೇ ಏಳ್ದೆ. ವಸಿ ದೇವ್ರನ್ನ ಬೇಡ್ಕಳಿ ಸಾಮಿ ಅಂದೆ."

ಪಾಪ, ಮನೆಯಲ್ಲಿ ಕ್ಯಾಂಪ್ ಅಂತ ಹೇಳಿ ಬಂದವಳು ನಾನು ಎಂದು ಅವರಿಗೇನು ಗೊತ್ತು! ಈ ಬಸ್ಸು ಬಿಟ್ಟರೆ ಊರಿಗೆ ನಡೆಯಬೇಕು ಅಂತ ಅಮ್ಮ ಮಗಳು ಅವಸರದಲ್ಲಿ ಹೊರಟೇ ಹೋದರು. ಹೆಸರು ಕೂಡ ಕೇಳಲಿಲ್ಲ ನಾನು.

ಹೊಸೂರಿನವರೆಗೂ ಬಸ್ಸಿನಲ್ಲಿ ಜಗಳಕ್ಕೆ ಮಾತು ಜೋಡಿಸಿಕೊಂಡೆ. ಅವರು ಹೀಗಂದರೆ ನಾನು ಹೀಗೆ, ಅವರು ಹಾಗಂದರೆ ನಾನು ಹಾಗೆ. ಮನೆಗೆ ಹೋದಾಗ ಅವರು ಟಿವಿ ಮುಂದೆ ಕೂತಿದ್ದರು.

"ಕ್ಯಾಂಪ್ ಮುಗೀತಾ?" ಅಂದರು.

ಜೋಡಿಸಿಕೊಂಡಿದ್ದ ಮಾತೆಲ್ಲ ಅಲ್ಲೇ ಉಳಿಯಿತು. "ಮುಗೀತು" ಅಂದೆ. ಅವರು ಮತ್ತೆ ಟಿವಿ ಕಡೆ ತಿರುಗಿದರು.

ಸೀಟು ಸಿಕ್ಕಿತು, ನಾನು ಬಯಸಿದ ವಿಭಾಗದಲ್ಲೇ. ಹೇಳಿದಾಗ ಅವರು "ಹ್ಞೂಂ, ಹೋಗು" ಅಂದರು, ಅಷ್ಟೇ. ಈಗ ನನಗಿಂತ ಹತ್ತು ವರ್ಷ ಚಿಕ್ಕವರ ನಡುವೆ ಹಾಸ್ಟೆಲ್‌ನಲ್ಲಿದ್ದೇನೆ. ಬೇಡ ಎಂದು ರೇಗಿದ್ದರೂ ಇಷ್ಟು ನೋವಾಗುತ್ತಿರಲಿಲ್ಲವೇನೋ. ಎಲ್ಲ ಗೊತ್ತಿದ್ದ ಮನುಷ್ಯ, ಆವತ್ತು ಹೇಗೆ ಬರೆದೆ ಎಂದು ಇವತ್ತಿನವರೆಗೂ ನನ್ನನ್ನು ಕೇಳಿಲ್ಲ.