ರೇಣುಕಾಳ ಎರಡು ನಡಿಗೆ

2023ರಲ್ಲಿ ಗಜೇಂದ್ರಗಡದ ನನ್ನ ಫಿಸಿಯೋಥೆರಪಿ ಕ್ಲಿನಿಕ್ ಚೆನ್ನಾಗಿ ನಡೆದಿತ್ತು. ವಾರಕ್ಕೊಮ್ಮೆ ರೋಣ, ನರಗುಂದಕ್ಕೂ ಹೋಗಿಬರುತ್ತಿದ್ದೆ. ಕ್ಲಿನಿಕ್ಕಿನ ಬಾಡಿಗೆಯಿಂದ ವ್ಯಾಯಾಮದ ಸೈಕಲ್ಲಿನವರೆಗೆ ಚೌಕಾಶಿ ಮಾಡದೆ ನಾನು ಯಾವುದಕ್ಕೂ ಒಪ್ಪಿದವನಲ್ಲ. ಹುಬ್ಬಳ್ಳಿಯ ಒಂದು ಸಂಶೋಧನಾ ತಂಡವನ್ನೂ ಹಾಗೆಯೇ ಒಪ್ಪಿಸಿದ್ದೆ: ಮೊಣಕಾಲಿನ ಲಿಗಮೆಂಟ್, ಅಂದರೆ ಎಲುಬುಗಳನ್ನು ಹಿಡಿದಿಡುವ ಕಟ್ಟು, ಹರಿದು ಶಸ್ತ್ರಚಿಕಿತ್ಸೆ ಆದವರನ್ನು ನಾನು ಕಳಿಸಬೇಕು, ಅವರು ಪುಕ್ಕಟೆ ಪರೀಕ್ಷೆ ಮಾಡಬೇಕು.

ಕಾಲಿಗೆ ಗುರುತಿನ ಗುಂಡುಗಳನ್ನು ಅಂಟಿಸಿ ಕ್ಯಾಮೆರಾ ಮುಂದೆ ನಡೆಸುತ್ತಾರೆ. ಆ ನಡಿಗೆಗೆ ಎಂಆರ್‌ಐ ಚಿತ್ರ ಸೇರಿಸಿ ಕಂಪ್ಯೂಟರಿನಲ್ಲಿ ಅದೇ ಮೊಣಕಾಲಿನ ಮಾದರಿ ಕಟ್ಟುತ್ತಾರೆ. ಎಲುಬಿನ ತುದಿಗಿರುವ ಮೆತ್ತನೆಯ ಹೊದಿಕೆ, ಅಂದರೆ ಕಾರ್ಟಿಲೇಜ್, ಎಲ್ಲಿ ಹೆಚ್ಚು ಭಾರ ಹೊತ್ತು ಮುಂದೆ ಸವೆದೀತು ಎಂದು ಆ ಮಾದರಿ ಅಂದಾಜು ಕೊಡುತ್ತದೆ. ಆ ಸವೆತವೇ ಆಸ್ಟಿಯೋಆರ್ಥ್ರೈಟಿಸ್.

ಮೊದಲು ಕಳಿಸಿದ್ದು ರೇಣುಕಾಳನ್ನು. ನೇಕಾರರ ಮಗಳು, ಕಬಡ್ಡಿಯಲ್ಲಿ ಲಿಗಮೆಂಟ್ ಹರಿದು ಶಸ್ತ್ರಚಿಕಿತ್ಸೆ ಆಗಿತ್ತು. ಮತ್ತೆ ನೆಲದ ಕುಣಿಯಲ್ಲಿ ಕಾಲು ಇಳಿಬಿಟ್ಟು ನೇಯುವ ಕುಣಿಮಗ್ಗಕ್ಕೆ ಇಳಿದು ದಿನವಿಡೀ ಕಾಲಿನಿಂದ ಹಲಗೆ ತುಳಿಯಬಹುದೇ ಎಂಬುದು ಅವಳ ಪ್ರಶ್ನೆ. ನನ್ನ ಚಿಂತೆ ಬೇರೆ: ಮೊದಲ ಪೇಷಂಟೇ ಕುಂಟಿದರೆ ನನ್ನ ಕೆಲಸದ ಬಗ್ಗೆ ತಂಡದವರು ಏನೆಂದುಕೊಂಡಾರು? ಹೋಗುವ ಮುನ್ನ ಕ್ಲಿನಿಕ್ಕಿನ ಅಂಗಳದಲ್ಲಿ ಅವಳಿಗೆ ನೆಟ್ಟಗೆ ನಡೆಯುವ ತಾಲೀಮು ಕೊಟ್ಟೆ.

ಅವಳ ಅವ್ವ ನಕ್ಕಳು. "ವರನ ಕಡ್ಯಾವ್ರು ನೋಡಾಕ ಬಂದಂಗ ಮಾಡಾಕತ್ತೀರಲ್ರಿ ಸರ."

"ಹಂಗ ತಿಳ್ಕೋರಿ. ಕನ್ಯಾ ನೋಡಾಕ ಬಂದವ್ರ ಮುಂದ ಯಾರರ ಕುಂಟತಾರೇನ್ರಿ?" ಎಂದೆ.

ಹುಬ್ಬಳ್ಳಿಯ ಕ್ಯಾಮೆರಾ ಮುಂದೆ ರೇಣುಕಾ ಹಲ್ಲು ಕಚ್ಚಿ ನೆಟ್ಟಗೆ ನಡೆದಳು. ಮಾದರಿ ಅಪಾಯ ಕಡಿಮೆ ಎಂದಿತು. ಅದನ್ನೇ ನೆಚ್ಚಿ ಮಗ್ಗಕ್ಕೆ ಕೂರಲು ಹೇಳಿದವನೂ ನಾನೇ. ಕೆಲವೇ ವಾರಗಳಲ್ಲಿ ಮೊಣಕಾಲು ಬಾತು, ಅವಳನ್ನು ಕುಣಿಯಿಂದ ಇಬ್ಬರು ಎತ್ತಿ ತೆಗೆಯಬೇಕಾಯಿತು. ಆ ಮನೆಗೆ ಹೋದಾಗ ಅವ್ವ ಚಹಾ ಕೊಟ್ಟಳು. ಅದನ್ನು ಕುಡಿಯುವುದೇ ಕಷ್ಟವಾಯಿತು.

ತಂಡದ ಎಂಜಿನಿಯರಿಗೆ ತಾಲೀಮಿನ ಸಂಗತಿ ಹೇಳಿದೆ. ಅವರು ಬೈಯಲಿಲ್ಲ, ಅದು ಅವಳ ನಿಜವಾದ ನಡಿಗೆಯಲ್ಲವೆಂದು ನನ್ನೆದುರೇ ಆ ಅಳತೆಗಳನ್ನೆಲ್ಲ ಕೈಬಿಟ್ಟು, ಊತ ಇಳಿದ ಮೇಲೆ ಮತ್ತೆ ಕರೆತನ್ನಿ ಎಂದರು. ಬೈದಿದ್ದರೆ ಸ್ವಲ್ಪ ಹಗುರಾಗುತ್ತಿತ್ತೇನೋ.

ಎರಡನೇ ಸಲ ಪರೀಕ್ಷೆಯ ಕೋಣೆಯ ಬಾಗಿಲಲ್ಲಿ ರೇಣುಕಾ ನಿಂತಳು. "ನೀವು ಹೊರಗ ಕುಂದರ್ರಿ ಸರ. ನೀವು ನಿಂತ್ರ ನಾ ಮತ್ತ ನೆಟ್ಟಗ ನಡೀತೀನಿ."

ಕೂತೆ. ಒಳಗಿನಿಂದ ಅವಳ ಹೆಜ್ಜೆ ಕೇಳುತ್ತಿತ್ತು, ಒಂದು ಭಾರ, ಒಂದು ಹಗುರ. ಈ ಸಲ ಪರದೆಯ ಮೇಲೆ ಮೊಣಕಾಲಿನ ಒಳಬದಿ ಕೆಂಪಾಗಿ ಬಂತು, ಅಂದರೆ ಭಾರ ಅಲ್ಲೇ ಹೆಚ್ಚು ಬೀಳುತ್ತಿತ್ತು. ಅದಕ್ಕೆ ತಕ್ಕಂತೆ ವ್ಯಾಯಾಮ ಬದಲಿಸಿದೆವು. ಅವಳು ಈಗ ನೂಲು ಸುತ್ತುತ್ತಾಳೆ. ಮಗ್ಗಕ್ಕೆ ಇಳಿಯುವ ಮಾತು ಇನ್ನೂ ತೀರ್ಮಾನವಾಗಿಲ್ಲ.

ಈ ಕೆಲಸಕ್ಕೆ ಬರುವವರಿಗೆ ನನ್ನದೊಂದೇ ಸಲಹೆ. ಪೇಷಂಟಿಗೆ ನಡೆಯಲು ಕಲಿಸಿ, ಆದರೆ ಅಳೆಯುವ ದಿನ ಬಾಯಿ ಮುಚ್ಚಿಕೊಂಡು ಹೊರಗೆ ಕೂತಿರಿ. ಯಾರೂ ಹೇಳದಿದ್ದರೂ ನಾನು ಈಗ ಅಲ್ಲೇ ಕೂರುತ್ತೇನೆ.