ದೊಡ್ಡಪ್ಪನ ಹಲ್ಲು

ಬೀಜದ ಉಗ್ರಾಣ ನೋಡಿಕೊಳ್ಳುವ ನಮ್ಮ ದೊಡ್ಡಪ್ಪನಿಗೆ ಯಾವ ಕಾಳು ಬಂದರೂ ಒಮ್ಮೆ ಹಲ್ಲಿಗೆ ಕೊಡದೆ ಸಮಾಧಾನವಿರಲಿಲ್ಲ. ‘ಕಟ್’ ಅಂದರೆ ಒಣಗಿದೆ, ಚೀಲ ಹೊಲಿಯಬಹುದು. ‘ಪಚ್’ ಅಂದರೆ ಇನ್ನೂ ಹಸಿ, ಹಾಗೇ ಕಟ್ಟಿಟ್ಟರೆ ಬೂಷ್ಟು ಹಿಡಿದು ಬಿತ್ತನೆಯ ಹೊತ್ತಿಗೆ ಒಂದು ಕಾಳೂ ಮೊಳೆಯುವುದಿಲ್ಲ. ತೇವ ಅಳೆಯಲು ಕಚೇರಿಯವರು ಕೊಟ್ಟ ಯಂತ್ರದ ಮೇಲೆ ದೊಡ್ಡಪ್ಪ ತಮ್ಮ ಟೋಪಿ ಇಡುತ್ತಾರೆ. “ಅದಕ್ಕೇನು ಹಲ್ಲಿದ್ಯಾ?” ಎಂದು ನಮ್ಮನ್ನೇ ಕೇಳುತ್ತಾರೆ. ಮನೆಯಲ್ಲಿ ಬಿಸ್ಕತ್ತು ಕಚ್ಚಿದರೂ, “ಇದಕ್ಕೆ ಇನ್ನೊಂದು ದಿನ ಬಿಸಿಲು ಬೇಕಿತ್ತು” ಎನ್ನುತ್ತಿದ್ದರು. ಹೋದ ವರ್ಷ ಕೊನೆಯ ದವಡೆ ಹಲ್ಲೂ ಬಿದ್ದಾಗ ಉಗ್ರಾಣದವರು ಮೆಲ್ಲಗೆ ಆ ಟೋಪಿ ತೆಗೆದರು. ದೊಡ್ಡಪ್ಪ ಅದನ್ನು ಮತ್ತೆ ಅಲ್ಲೇ ಇಟ್ಟು, ಮನೆಗೆ ಹೋಗಿ ದೊಡ್ಡಮ್ಮನನ್ನು ಕರೆತಂದರು. ಅಂದಿನಿಂದ ದೊಡ್ಡಮ್ಮ ಕಚ್ಚುತ್ತಾರೆ. ಇವರು ಆಕೆಯ ಕೆನ್ನೆಗೆ ಕಿವಿಯಿಟ್ಟು, ಕಣ್ಣು ಮುಚ್ಚಿ ಕೇಳುತ್ತಾರೆ. “ಎಲ್ಲರ ಎದುರಿಗೆ ಇದೇನ್ರೀ?” ಎಂದು ಆಕೆ ನಾಚಿಕೊಂಡರೆ, “ಸುಮ್ನೆ ಕಚ್ಚೇ, ಕೆಲಸದ ಹೊತ್ತು” ಎಂದು ಗದರುತ್ತಾರೆ. ಈಗೀಗ ಕಿವಿಯೂ ಮಂದವಾಗಿದೆ. ನಿನ್ನೆ ನಲವತ್ತು ಚೀಲ ಬಿತ್ತನೆ ಜೋಳ ಹೊಲಿಗೆಗೆ ಸಿದ್ಧವಾಗಿತ್ತು. ದೊಡ್ಡಮ್ಮ ಒಂದಾದ ಮೇಲೊಂದು ಮೂರು ಕಾಳು ಕಚ್ಚಿದರೂ ಇವರ ಮುಖದಲ್ಲಿ ಏನೂ ಬದಲಾಗಲಿಲ್ಲ. ಕೆನ್ನೆಯಿಂದ ಕಿವಿ ತೆಗೆಯದೆಯೇ, ಪಕ್ಕದಲ್ಲಿದ್ದವರಿಗಷ್ಟೇ ಕೇಳುವ ಹಾಗೆ, “ಏನಂತು?” ಎಂದರು. ಆಕೆ ಅವರ ಕಿವಿಯಲ್ಲಿ, “ಪಚ್ ಅಂತು ರೀ” ಎಂದರು. ದೊಡ್ಡಪ್ಪ ನೆಟ್ಟಗೆ ನಿಂತು, ಸೂಜಿ ಹಿಡಿದವರಿಗೆಲ್ಲ ಕೇಳುವಂತೆ ಕೂಗಿದರು: “ಯಾರೂ ಹೊಲೀಬೇಡಿ, ಬಿಸಿಲಿಗೆ ಹರಡಿ! ನನ್ನ ಹಲ್ಲು ಯಾವತ್ತಾದ್ರೂ ಸುಳ್ಳು ಹೇಳಿದ್ಯಾ?”